ಆಕಸ್ಮಿಕವೂ ವಿವೇಕವೂ

ಹೊಸದಾಗಿ ಲ್ಯಾಪ್‌ಟಾಪನ್ನು ಕೊಳ್ಳುವ ಗೃಹಸ್ಥನಿಗೆ ಅಂಗಡಿಯಲ್ಲಿಯೇ ಒಂದು ಪ್ರಶ್ನೆ ಎದುರಾಗುತ್ತದೆ: ಆಕಸ್ಮಿಕ ಹಾನಿಯ ವಿಮೆಯನ್ನೂ ಮಾಡಿಸಬೇಕೆ, ಬೇಡವೆ? ತಯಾರಕರ ವಾರಂಟಿಯು ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ ಹೊಣೆಯಾಗುವುದು. ಕೈಜಾರಿ ಬಿದ್ದುದಕ್ಕೆ, ಚಹಾ ಚೆಲ್ಲಿದುದಕ್ಕೆ ಅದು ಹೊಣೆಯಾಗದು. ಪ್ರಶ್ನೆಯು ಸಣ್ಣದಾಗಿ ಕಂಡರೂ, ನಾಳಿನ ಚಿಂತೆಯನ್ನು ಇಂದು ಎಷ್ಟು ಹೊರಬೇಕೆಂಬ ವಿಚಾರವು ಇದರಲ್ಲಿ ಅಡಗಿದೆ.

ವಿಮೆಯೆಂಬುದು ಹಲವರು ಕೂಡಿ ಒಬ್ಬನ ನಷ್ಟವನ್ನು ಹೊರುವ ಏರ್ಪಾಡು. ಮಾರುವವರ ವೆಚ್ಚವೂ ಲಾಭವೂ ಆ ಹಣದಲ್ಲಿಯೇ ಸೇರಿರುವುದರಿಂದ, ಕೊಂಡವರೆಲ್ಲರೂ ಒಟ್ಟಿನಲ್ಲಿ ಪಡೆಯುವುದಕ್ಕಿಂತ ಕೊಡುವುದೇ ಹೆಚ್ಚು. ಆದುದರಿಂದ 'ಒಡೆದೀತೆ?' ಎಂದು ಅಂಜುವುದಕ್ಕಿಂತ, 'ಒಡೆದರೆ ತಾಳಿಕೊಳ್ಳಬಲ್ಲೆನೆ?' ಎಂದು ತನ್ನನ್ನು ತಾನೇ ಕೇಳಿಕೊಳ್ಳತಕ್ಕದ್ದು. 60,000 ರೂಪಾಯಿಯ ಯಂತ್ರಕ್ಕೆ 3,000 ರೂಪಾಯಿ ವಿಮೆಯೆಂದಿಟ್ಟುಕೊಳ್ಳೋಣ. ಉಳಿತಾಯವುಳ್ಳವನು ಆ ಹಣವನ್ನು ತನ್ನಲ್ಲಿಯೇ ಕೂಡಿಡಲಿ, ದುರಸ್ತಿಗೆ ಒದಗೀತು. ಸಾಲ ಮಾಡಿ ಮಗಳ ಓದಿಗೆಂದು ಕೊಂಡವನು, ಇನ್ನೊಂದನ್ನು ಕೊಳ್ಳಲಾರದವನು, ವಿಮೆ ಮಾಡಿಸುವುದೇ ವಿವೇಕ. ಅವಧಿಯೊಳಗೆ ಏನೂ ಆಗದಿದ್ದರೆ ಹಣ ಹೋಯಿತೆಂದು ಅವನು ಕೊರಗಬೇಕಾಗಿಲ್ಲ. ಅದರ ಒಂದು ಪಾಲು ಮತ್ತೊಬ್ಬರ ಕಷ್ಟಕ್ಕೆ ಸಂದಿರುತ್ತದೆ.

ಆದರೆ ಷರತ್ತುಗಳನ್ನು ಓದದೆ ಸಹಿ ಮಾಡಬಾರದು. ಅನೇಕ ಯೋಜನೆಗಳಲ್ಲಿ ಕಳವು ಸೇರಿರುವುದಿಲ್ಲ. ಯಂತ್ರ ಸರಿಹೋದರೂ ಅದರೊಳಗಿದ್ದ ಬರಹವನ್ನು ವಿಮೆಯು ಮರಳಿ ಕೊಡದು. ಅದರ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ನಮ್ಮದೇ ಹೊಣೆ. ವಿಮೆಯಿದೆಯೆಂದು ಅಜಾಗರೂಕರಾಗುವುದೂ, ಹಳೆಯ ಬಿರುಕನ್ನು ಹೊಸದೆಂದು ಹೇಳಿ ಹಣ ಪಡೆಯುವುದೂ ಎಲ್ಲರ ಗಂಟಿಗೆ ಕೈಹಾಕಿದಂತೆ. ನಮ್ಮ ಶಕ್ತಿಯನ್ನು ಅಳೆದು ಒಮ್ಮೆ ನಿರ್ಧರಿಸಿದ ಮೇಲೆ ಆ ಚಿಂತೆಯನ್ನು ಅಲ್ಲಿಗೇ ಬಿಟ್ಟು ಕಾಯಕದಲ್ಲಿ ತೊಡಗುವುದು ಲೇಸು.