ಒಂದು ಸಲಕ್ಕೆ ಒಂದೇ

ನಮ್ಮ ಠಾಣಾ ಕುಶನೂರಿನ ಮನೆಯ ಪಡಸಾಲೆಗೆ ಶಹಾಬಾದ್ ಫರ್ಸಿ ಹಾಸಿದೆ. ಬೇಸಿಗೆ ರಜೆಯಲ್ಲಿ ಐದನೇ ಇಯತ್ತೆಯ ಮಗಳ ಜೊತೆ ಕೂತು ಮಾಡಿದ ಕಟ್ಟಿಗೆಯ ಪುಟ್ಟ ರೇಸ್ ಕಾರನ್ನು ಅದರ ಮೇಲೇ ಓಡಿಸಿದೆವು. ಹಲಗೆಯ ಒಂದು ತುದಿಯನ್ನು ಒಂದಡಿ ಎತ್ತರಿಸಿ ಮೇಲಿನಿಂದ ಬಿಟ್ಟರೆ ಕಾರು ನಾಲ್ಕು ಫರ್ಸಿ ದಾಟಿ ನಿಲ್ಲುತ್ತಿತ್ತು. ಒಂದೇ ಸಂಜೆಯಲ್ಲಿ ನಾನು ಮೊಳೆ ತಿಕ್ಕಿದೆ, ಎಣ್ಣೆ ಬಿಟ್ಟೆ, ಹಿಂಬದಿಗೆ ಭಾರ ಕೂಡಿಸಿದೆ, ಮೂತಿ ಹೆರೆದೆ. ಕಾರು ಆರು ಫರ್ಸಿ ಓಡಿತು. ನಾನು ಹಿಗ್ಗಿದೆ.

"ಅಪ್ಪಾ, ಯಾವುದರಿಂದ ಜಲ್ದಿ ಓಡ್ತು?" ಎಂದಳು ಮಗಳು.

ಉತ್ತರ ನನ್ನ ಹತ್ತಿರ ಇರಲಿಲ್ಲ. ಸಂಜೆಯೆಲ್ಲ ಸಾಣೆ ಕಾಗದ ನನ್ನ ಕೈಯಲ್ಲೇ ಇತ್ತು ಎಂಬುದೂ ಆಗಲೇ ಗಮನಕ್ಕೆ ಬಂತು. ಅವಳು ಬರೀ ನೋಡುತ್ತ ಕೂತಿದ್ದಳು.

ಈ ಆಟ ನಮ್ಮ ಕಡೆಯದಲ್ಲ. ಸಣ್ಣವರಿದ್ದಾಗ ನಾವು ಜೋಳದ ದಂಟಿನ ಬಂಡಿ ಕಟ್ಟಿ, ಹರಿದ ಹವಾಯಿ ಚಪ್ಪಲಿ ಕೊಯ್ದು ಗಾಲಿ ಮಾಡಿ ಎಳೆದವರು. ಇದು ಹುಟ್ಟಿದ್ದು 1953ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ. ಮಕ್ಕಳೇ ಒಳಗೆ ಕೂತು ಇಳಿಜಾರಿನಲ್ಲಿ ಓಡಿಸುವ ಸೋಪ್‌ಬಾಕ್ಸ್ ಡರ್ಬಿಗೆ ಸೇರಲು ಡಾನ್ ಮರ್ಫಿ ಎಂಬುವರ 10 ವರ್ಷದ ಮಗನಿಗೆ ವಯಸ್ಸು ಸಾಲದಾಗಿತ್ತು. "ಇನ್ನೂ ಸಣ್ಣವನಿದ್ದೀ, ತಡಿ" ಎಂದು ಕೈತೊಳೆದುಕೊಳ್ಳದೆ ಮರ್ಫಿ ಕಾರನ್ನೇ ಸಣ್ಣದು ಮಾಡಿದರು. 7 ಇಂಚಿನ ಪೈನ್ ತುಂಡು, ನಾಲ್ಕು ಗಾಲಿ, ಅಚ್ಚಿಗೆ ನಾಲ್ಕು ಮೊಳೆ. ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಇದೇ ಪೈನ್‌ವುಡ್ ಡರ್ಬಿ. ಅಮೆರಿಕದ ಕಬ್ ಸ್ಕೌಟ್ ಮಕ್ಕಳು ಈಗಲೂ ಓಡಿಸುತ್ತಾರೆ. ತಂದೆಯೊಬ್ಬ ಮಗನ ಅಳತೆಗೆ ತಕ್ಕ ಹಾಗೆ ಆಟವನ್ನು ಇಳಿಸಿದ್ದು ನನಗೆ ಬಹಳ ಹಿಡಿಸಿತು.

ಪೈನ್ ನಮಗೆ ಸಿಗಲಿಲ್ಲ. ಬಡಿಗೇರರ ಅಂಗಳದಲ್ಲಿ ಬಿದ್ದಿದ್ದ ಸಾಗವಾನಿ ತುಂಡು ತಂದೆವು. ಗಾಲಿ ಹಳೆಯ ಆಟಿಕೆಯವು. ತೂಕ ನೋಡಿದ್ದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ.

ಮರುದಿನ ಎಲ್ಲ ಬಿಚ್ಚಿ, ಭಾರ ತೆಗೆದು, ಹೊಸ ಮೊಳೆ ಹಾಕಿ ಮೊದಲಿನಿಂದ ಶುರು ಮಾಡಿದೆವು. ಕಟ್ಟು ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಮೂರು ಸಲ ಓಡಿಸುವುದು, ಎಷ್ಟು ಫರ್ಸಿ ಎಂದು ವಹಿಯಲ್ಲಿ ಬರೆಯುವುದು. ಮೂರು ಸಲ ಯಾಕೆಂದರೆ ಕಾರನ್ನು ಬಿಡುವಾಗ ಬೆರಳು ಸ್ವಲ್ಪ ತಳ್ಳಿದರೂ ಲೆಕ್ಕ ತಪ್ಪುತ್ತದೆ. ಇಳಿಜಾರು ಮರದ ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿದ ಗೆಲಿಲಿಯೊ ತನ್ನ ಪ್ರಯೋಗವನ್ನು ನೂರು ಸಲ ಮಾಡಿದ್ದಾಗಿ 1638ರ ಪುಸ್ತಕದಲ್ಲಿ ಹೇಳುತ್ತಾನೆ. ಗುಂಡು ತಡೆಯಿಲ್ಲದೆ ಉರುಳಲಿ ಎಂದು ಆ ತೋಡಿಗೆ ನಯವಾದ ಚರ್ಮಪತ್ರ ಅಂಟಿಸಿದ್ದ.

ನಯದ ಮಾತು ನಮಗೂ ಬಂತು. ಮಗಳು ಮೊಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಸವರಿದಳು. "ಇಲ್ಲಿ ಏನೋ ಚುಚ್ಚಲತ್ತದ" ಎಂದಳು. ತಲೆಯ ಬುಡದಲ್ಲಿ, ಕಾರ್ಖಾನೆಯ ಅಚ್ಚು ಒತ್ತಿದ ಜಾಗದಲ್ಲಿ, ಕೂದಲೆಳೆಯಷ್ಟು ಏಣು ಉಳಿದಿತ್ತು. ಗಾಲಿಯ ಕಣ್ಣು ತಿರುಗಿದಾಗಲೆಲ್ಲ ಅದಕ್ಕೇ ಉಜ್ಜುತ್ತಿತ್ತು. ನಾಲ್ಕೂ ಮೊಳೆಗಳನ್ನು ಅವಳೇ ಸಾಣೆ ಕಾಗದದಲ್ಲಿ ತಿಕ್ಕಿದಳು, ಎರಡು ಮಧ್ಯಾಹ್ನ ಹಿಡಿಯಿತು. ಕಾರು ನಾಲ್ಕರಿಂದ ಏಳು ಫರ್ಸಿಗೆ ಹೋಯಿತು.

ಆಮೇಲೆ ಮುತ್ಯಾನ ಹರಳೆಣ್ಣೆ. ಆಯುಷ್ಯವೆಲ್ಲ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದವರು ಅವರು. ಕಾರು ಆರಕ್ಕೆ ಇಳಿಯಿತು. ಕ್ವಿಂಟಲ್‌ಗಟ್ಟಲೆ ಹೊರೆ ಹೊತ್ತ ಅಚ್ಚಿಗೆ ಬೇಕಾದ ಮಂದ ಎಣ್ಣೆ 142 ಗ್ರಾಂ ಮೀರದ ಕಾರಿನ ಗಾಲಿಯನ್ನು ಅಂಟಿ ಹಿಡಿಯುತ್ತದೆ. ಅದನ್ನು ಒರೆಸಿ, ಮೆತ್ತನೆಯ ಪೆನ್ಸಿಲ್ಲಿನ ಕಡ್ಡಿ ಅರೆದು ಪುಡಿ ಹಚ್ಚಿದೆವು. ಎಂಟು ಫರ್ಸಿ! "ಹಗುರ ಗಾಡಿಗಿ ಎಣ್ಣಿ ನಡ್ಯಲ್ಲ" ಎಂದು ಮುತ್ಯಾನೇ ತೀರ್ಪು ಕೊಟ್ಟರು.

ನಾನು ಹೆಚ್ಚು ನೆಚ್ಚಿದ್ದು ಹಿಂಬದಿಯ ಭಾರವನ್ನು. ಭಾರ ಹಿಂದಿದ್ದಷ್ಟೂ ಅದು ಇಳಿಜಾರಿನಲ್ಲಿ ಹೆಚ್ಚು ಎತ್ತರದಿಂದ ಇಳಿಯುತ್ತದೆ, ಲೆಕ್ಕ ಸರಿಯೇ. ಆದರೆ ನಮ್ಮ ಪುಟ್ಟ ಹಲಗೆಯ ಮೇಲೆ ಅದರಿಂದ ದಕ್ಕಿದ್ದು ಒಂದು ಗೇಣು ಅಷ್ಟೇ. ಇನ್ನೂ ಹಿಂದಕ್ಕೆ ಸರಿಸಿದಾಗ ಮುಂದಿನ ಗಾಲಿ ನೆಲ ಕಚ್ಚದೆ ಕಾರು ಗೋಡೆಗೆ ಬಡಿಯಿತು.

ಆ ವಹಿ ನೋಡಿದಾಗಲೆಲ್ಲ ನನಗೆ ನಮ್ಮ ಮನೆಗಳ ಜೂನ್ ತಿಂಗಳು ನೆನಪಾಗುತ್ತದೆ. ಮಗುವಿನ ಅಂಕ ಇಳಿದರೆ ಒಂದೇ ವಾರದಲ್ಲಿ ಟ್ಯೂಷನ್ ಹಚ್ಚುತ್ತೇವೆ, ಮೊಬೈಲ್ ಕಸಿಯುತ್ತೇವೆ, ಆಟ ಬಿಡಿಸುತ್ತೇವೆ, ನಸುಕಿನ ನಾಲ್ಕಕ್ಕೆ ಎಬ್ಬಿಸುತ್ತೇವೆ. ಅಂಕ ಏರಿದರೂ ಯಾವುದರಿಂದ ಏರಿತು ಎಂದು ಮಗುವಿಗೂ ತಿಳಿಯದು, ನಮಗೂ ತಿಳಿಯದು. ಇಳಿದರೆ ಮಗುವನ್ನು ಬೈಯುತ್ತೇವೆ. ಚುಚ್ಚುವ ಏಣು ಎಲ್ಲಿದೆ ಎಂದು ಉಗುರಿನಿಂದ ಸವರಿ ನೋಡುವ ತಾಳ್ಮೆ ಮಗುವಿಗೆ ಇರುತ್ತದೆ, ಹಿರಿಯರ ಅವಸರ ಅದಕ್ಕೆ ಎಡೆ ಕೊಡುವುದಿಲ್ಲ. ನಾನೂ ಆ ಒಂದು ಸಂಜೆ ಎಡೆ ಕೊಟ್ಟಿರಲಿಲ್ಲ.

ನಿಮ್ಮೂರಿನ ಬಡಿಗೇರರ ಹತ್ತಿರವೂ ಏಳಿಂಚಿನ ತುಂಡು ಸಿಕ್ಕೀತು. ತನ್ನಿ. ಸಾಣೆ ಕಾಗದ ಮಗುವಿನ ಕೈಗೆ ಕೊಡಿ, ವಹಿ ನೀವು ಹಿಡಿಯಿರಿ.