ತೀರಿಕೊಂಡವನ ಸಮಜಾಯಿಷಿ

ಸರ್ಕಾರಿ ನೌಕರನೊಬ್ಬ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಅವನ ಸೇವಾ ವಹಿಯಲ್ಲಿ ಕೊನೆಯದೊಂದು ನಮೂದು ಬೀಳುತ್ತದೆ. ಮರಣದ ದಿನಾಂಕ, ಮೇಲಧಿಕಾರಿಯ ಸಹಿ, ಮೊಹರು. ಅಲ್ಲಿಗೆ ವಹಿ ಮುಗಿಯಿತು. ಆದರೆ ವಹಿಯ ಜೊತೆಗೆ ಕಪಾಟಿನಲ್ಲಿ ಇನ್ನೂ ಎಷ್ಟೋ ಕಾಗದಗಳಿರುತ್ತವೆ: ರಜೆ ಅರ್ಜಿ, ಆಸ್ಪತ್ರೆ ಬಿಲ್ಲು, ವರ್ಗಾವಣೆ ಆದೇಶ, ಎಂದೋ ಕೊಟ್ಟ ಜ್ಞಾಪನ, ಕಾರಣ ಕೇಳುವ ನೋಟಿಸು, ಅದಕ್ಕೆ ಅವನು ಬರೆದುಕೊಟ್ಟ ಸಮಜಾಯಿಷಿ. ಈ ಕಾಗದಗಳು ಈಗ ಯಾರವು? 2005ರ ಮಾಹಿತಿ ಹಕ್ಕು ಕಾಯಿದೆಯನ್ನು ತಿರುವಿ ಹಾಕಿದರೆ ನೇರ ಉತ್ತರ ಸಿಗುವುದಿಲ್ಲ. ವೈಯಕ್ತಿಕ ಮಾಹಿತಿಯನ್ನು ಕೊಡಬೇಕಿಲ್ಲ ಎನ್ನುವ ಅದರ 8(1)(ಜೆ) ಕಲಮು ಬದುಕಿರುವವರು, ಸತ್ತವರು ಎಂದು ಭೇದ ಮಾಡುವುದಿಲ್ಲ.

ನನಗೆ ಈ ಪ್ರಶ್ನೆ ಎದುರಾದದ್ದು ತತ್ವಶಾಸ್ತ್ರದ ಪುಸ್ತಕದಿಂದಲ್ಲ. ನಮ್ಮ ಬೀದಿಯಲ್ಲಿ ಅರ್ಜಿ ಬರೆದುಕೊಡುವವನು ಎಂದು ನನಗೊಂದು ಹೆಸರಿದೆ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರು ಬಂದಿದ್ದರು. ಕುಟುಂಬ ಪಿಂಚಣಿ ಸರಿಯಾಗಿ ಬರುತ್ತಿದೆ, ಮಗನಿಗೆ ಅನುಕಂಪದ ಆಧಾರದ ಕೆಲಸವೂ ಆಗಿದೆ. ಅವರಿಗೆ ಬೇಕಿದ್ದದ್ದು ಹಣವಲ್ಲ. ಗಂಡ ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ಅವರ ಮೇಲೆ ಕರ್ತವ್ಯಲೋಪದ ನೋಟಿಸು ಬಂದಿತ್ತು. ರಾತ್ರಿ ಕೂತು ಮೂರು ಪುಟದ ಉತ್ತರ ಬರೆದಿದ್ದರು. 'ಅಣ್ಣಾ, ಇವರು ಬರೆದದ್ದು ಫೈಲಿನಲ್ಲಿ ಇದೆಯೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕು' ಅಂದರು.

ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಅಷ್ಟರೊಳಗೆ ಬರೆದು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆವು. 30 ದಿನದ ಗಡುವಿಗೆ ಎರಡು ದಿನ ಮುಂಚೆ ಹಿಂಬರಹ ಬಂತು. ಕೋರಿರುವ ಮಾಹಿತಿ ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿಯಾಗಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡ ಒಂದೇ ವಾಕ್ಯದಲ್ಲಿ ಮೂರನೇ ವ್ಯಕ್ತಿಯಾದ. ಕಾಯಿದೆಯ ಭಾಷೆಯಲ್ಲಿ ಇದು ತಪ್ಪಲ್ಲ. ಅರ್ಜಿದಾರರನ್ನು ಬಿಟ್ಟು ಉಳಿದವರೆಲ್ಲ ಅಲ್ಲಿ ಮೂರನೆಯವರೇ.

ಇಂಥ ಹಿಂಬರಹಗಳ ಹಿಂದೆ ಸಾಮಾನ್ಯವಾಗಿ ಒಂದು ತೀರ್ಪು ಇರುತ್ತದೆ. ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು. ಭವಿಷ್ಯ ನಿಧಿ ಕಚೇರಿಯ ಅಧಿಕಾರಿಯೊಬ್ಬರಿಗೆ ಕೊಟ್ಟ ಜ್ಞಾಪನ, ನೋಟಿಸು, ದಂಡನೆ, ಅವರ ಆಸ್ತಿಯ ವಿವರ ಇವನ್ನೆಲ್ಲ ಒಬ್ಬರು ಕೇಳಿದ್ದರು. ಅವು ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ತೋರಿಸದೆ ಕೊಡಲಾಗದು ಎಂದಿತು ನ್ಯಾಯಾಲಯ. ನೌಕರನ ಕೆಲಸದ ಗುಣಾವಗುಣ ಮುಖ್ಯವಾಗಿ ನೌಕರ ಮತ್ತು ಅವನನ್ನು ನೇಮಿಸಿಕೊಂಡವರ ನಡುವಿನ ವಿಷಯ ಎಂಬುದು ಅದರ ತಾತ್ಪರ್ಯ.

ಈ 'ನಡುವಿನ ವಿಷಯ' ಎಂಬ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ತಿರುವುತ್ತಿದ್ದೆ. ಇಬ್ಬರ ನಡುವಿನ ವಿಷಯವಾದರೆ ಅದನ್ನು ಬಲ್ಲವರೂ ಇಬ್ಬರು, ಬೇಡವೆಂದರೆ ಬಚ್ಚಿಡುವವರೂ ಇಬ್ಬರು. ಅವರಲ್ಲಿ ಒಬ್ಬ ತೀರಿಕೊಂಡ ಮೇಲೆ ಏನಾಗುತ್ತದೆ? ವಿಷಯ ಪೂರ್ತಿಯಾಗಿ ಉಳಿದವರ ಸ್ವತ್ತಾಗುತ್ತದೆ. ನೌಕರ ಬದುಕಿದ್ದಾಗ ಅವನ ವಾರ್ಷಿಕ ವರದಿಯ ಪ್ರತಿಯೊಂದು ಷರಾವನ್ನೂ ಅವನಿಗೆ ತಿಳಿಸಬೇಕೆಂದು ಇದೇ ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿತ್ತು. ತಿಳಿದರೆ ತಾನೇ ಆಕ್ಷೇಪಿಸುವುದು? ಸತ್ತ ಮೇಲೆ ತಿಳಿಸಲು ಜನವಿಲ್ಲ, ಆಕ್ಷೇಪಿಸಲು ಬಾಯಿಲ್ಲ. ಕಚೇರಿ ಅವನ ಬಗ್ಗೆ ಬರೆದದ್ದು ಮಾತ್ರ ಇದೆ. ಅದನ್ನು ಬರೆದ ಕೈಯೇ ಈಗ 'ಇದು ಅವನ ಖಾಸಗಿ ವಿಚಾರ' ಎಂದು ಕಪಾಟಿಗೆ ಬೀಗ ಹಾಕುತ್ತದೆ. ನೋಟಿಸು ಬರೆದವನು ಅವನಲ್ಲ. ವಿಚಾರಣೆಯ ಟಿಪ್ಪಣಿ ಬರೆದವನೂ ಅವನಲ್ಲ. ಬರೆದವರಲ್ಲಿ ಹಲವರು ಬಡ್ತಿ ಪಡೆದು ಚೆನ್ನಾಗಿಯೇ ಇದ್ದಾರೆ. ಆ ಗುಟ್ಟಿನಿಂದ ರಕ್ಷಣೆ ಸಿಗುತ್ತಿರುವುದು ಯಾರಿಗೆ ಎಂದು ಕೇಳಿಕೊಂಡರೆ ನನಗೆ ಸತ್ತವನ ಮುಖ ಕಾಣಿಸುವುದಿಲ್ಲ.

ಕಾಯಿದೆಯಲ್ಲಿ ಇದಕ್ಕೊಂದು ವಿಚಿತ್ರ ಪುರಾವೆಯಿದೆ. ಮೂರನೇ ವ್ಯಕ್ತಿಯ ಗೋಪ್ಯ ಮಾಹಿತಿಯನ್ನು ಕೊಡುವ ಮುಂಚೆ 11ನೇ ಕಲಮಿನಂತೆ ಅಧಿಕಾರಿ 5 ದಿನದೊಳಗೆ ಆ ವ್ಯಕ್ತಿಗೆ ನೋಟಿಸು ಕಳಿಸಬೇಕು, ಆ ವ್ಯಕ್ತಿಗೆ ಉತ್ತರಿಸಲು 10 ದಿನ ಕೊಡಬೇಕು. 'ಕೊಡಿ, ನನ್ನ ಅಡ್ಡಿಯಿಲ್ಲ' ಎನ್ನುವ ಅವಕಾಶವೂ ಅದರಲ್ಲಿ ಅಡಗಿದೆ. ತೀರಿಕೊಂಡವನಿಗೆ ನೋಟಿಸು ಯಾವ ವಿಳಾಸಕ್ಕೆ ಹೋಗಬೇಕು? ಅವನ ಮನೆಗೆ ಹೋದರೆ ಬಾಗಿಲು ತೆರೆಯುವವರು ಇದೇ ಅರ್ಜಿದಾರರು.

ಇನ್ನೊಂದು ಕಡೆ ನೋಡಿ. ಜಯಲಲಿತಾ ಅವರ ಬದುಕನ್ನು ಕುರಿತ ಚಿತ್ರಗಳ ವಿರುದ್ಧ ಅವರ ಅಣ್ಣನ ಮಗಳು ಹೂಡಿದ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟ್ 2021ರಲ್ಲಿ, ಒಬ್ಬರ ಖಾಸಗಿತನದ ಹಕ್ಕು ಅವರ ಮರಣದ ನಂತರ ವಾರಸುದಾರರಿಗೆ ಆಸ್ತಿಯಂತೆ ಬರುವುದಿಲ್ಲ ಎಂದಿತು. ಹಾಗಾದರೆ ಸಿನಿಮಾದವರು ಸತ್ತವರ ಕತೆ ತೆಗೆಯುವಾಗ ಮನೆಯವರು ಖಾಸಗಿತನದ ಹೆಸರಿನಲ್ಲಿ ತಡೆಯುವಂತಿಲ್ಲ, ಏಕೆಂದರೆ ಆ ಹಕ್ಕು ಸತ್ತವರ ಜೊತೆ ಹೋಯಿತು. ಅದೇ ಮನೆಯವರು ಕಚೇರಿಯ ಕಡತ ಕೇಳಿದಾಗ ಆ ಹಕ್ಕು ಎದ್ದು ಬಂದು ಅಡ್ಡ ನಿಲ್ಲುತ್ತದೆ! ಎರಡೂ ಕಡೆ ಸೋಲುವುದು ಮನೆಯವರೇ.

ಇಷ್ಟು ಹೇಳಿದ ಮಾತ್ರಕ್ಕೆ ಸತ್ತವರಿಗೆ ಗುಟ್ಟೇ ಬೇಡ ಎಂದು ನಾನು ಹೇಳುತ್ತಿಲ್ಲ. ಪಿತೃಪಕ್ಷದಲ್ಲಿ ಎಡೆಯಿಡುವ ಜನ ನಾವು. ಸತ್ತವರಿಗೆ ಏನೂ ಸಲ್ಲಬೇಕಿಲ್ಲ ಎನ್ನುವ ವಾದ ಎಷ್ಟೇ ಚೊಕ್ಕವಾಗಿದ್ದರೂ ನಮ್ಮ ಮನಸ್ಸು ಒಪ್ಪುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವಂತೆ ಮಾಡಿದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಖಾಸಗಿತನಕ್ಕೆ ಬೇರಾಗಿ ಹಿಡಿದದ್ದು ಮನುಷ್ಯನ ಘನತೆಯನ್ನು. ಘನತೆ ಚಿತೆಯ ಮೇಲೆ ಪೂರ್ತಿ ಸುಟ್ಟು ಹೋಗುತ್ತದೆಯೇ?

ಇಂಗ್ಲೆಂಡಿನ ಒಂದು ಪ್ರಕರಣ ಇಲ್ಲಿ ನೆನಪಾಗುತ್ತದೆ. ಅದರಲ್ಲಿ ಸತ್ತವಳು ನೌಕರಳಲ್ಲ, ರೋಗಿ. ಆಸ್ಪತ್ರೆಯಲ್ಲಿ ಮಗಳು ತೀರಿಕೊಂಡಳು. ಆಸ್ಪತ್ರೆ ತನ್ನ ಹೊಣೆ ಒಪ್ಪಿ ಅಳಿಯನಿಗೆ ಪರಿಹಾರ ಕೊಟ್ಟಿತ್ತು ಎಂಬುದು ತಾಯಿಗೆ ತಿಳಿದದ್ದು ವರ್ಷಗಳ ನಂತರ. ಮಗಳ ಚಿಕಿತ್ಸೆಯ ದಾಖಲೆಗಳನ್ನು ಆಕೆ ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾನೂನಿನಡಿ ಕೇಳಿದಳು. ಅಳಿಯ ಒಪ್ಪಲಿಲ್ಲ, ಆಸ್ಪತ್ರೆ ಕೊಡಲಿಲ್ಲ. ವೈದ್ಯರು ರೋಗಿಗೆ ಕೊಟ್ಟ ಗುಟ್ಟಿನ ಮಾತು ಸಾವಿನ ನಂತರವೂ ಉಳಿಯುತ್ತದೆ ಎಂದು 2007ರಲ್ಲಿ ಮಾಹಿತಿ ನ್ಯಾಯಮಂಡಳಿ ಆಸ್ಪತ್ರೆಯ ಪರ ನಿಂತಿತು. ಓದಿದಾಗ ತಾಯಿಯ ಪರವಾಗಿ ಸಿಟ್ಟು ಬಂದಿತ್ತು. ಆದರೆ ಆ ತತ್ವವನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ. ಸತ್ತ ಮೇಲೆ ತಾನು ಹೇಳಿದ್ದೆಲ್ಲ ಬಯಲಾಗುತ್ತದೆ ಎಂದು ಗೊತ್ತಿದ್ದರೆ ಯಾವ ರೋಗಿ ಡಾಕ್ಟರ ಮುಂದೆ ಬಾಯಿ ಬಿಡುತ್ತಾನೆ? ಇಲ್ಲಿ ಹಕ್ಕು ಸತ್ತವರದು ಅನ್ನುವುದಕ್ಕಿಂತ, ಮಾತು ಕೊಟ್ಟವರು ಬದುಕಿದ್ದಾರೆ, ಋಣ ಅವರ ಮೇಲಿದೆ ಅನ್ನುವುದು ಸರಿ.

ನೌಕರನ ಕಡತಕ್ಕೂ ಇದನ್ನು ಹಿಡಿದು ನೋಡಬಹುದು. ಅದರಲ್ಲಿ ಎರಡು ಜಾತಿಯ ಕಾಗದಗಳಿವೆ. ಅವನು ನಂಬಿ ಕಚೇರಿಗೆ ಒಪ್ಪಿಸಿದವು ಕೆಲವು: ಯಾವ ಕಾಯಿಲೆಗೆ ಯಾವ ಔಷಧಿ, ಯಾವ ಕಷ್ಟಕ್ಕೆ ಯಾವ ಸಾಲ. ಕಚೇರಿ ಅವನ ಬಗ್ಗೆ ಬರೆದವು ಉಳಿದವು. ಮೊದಲನೆಯವನ್ನು ಕೇಳಿದವರಿಗೆಲ್ಲ ಹಂಚಬಾರದು. ಎರಡನೆಯವು ಕಚೇರಿಯ ನಡತೆ, ಅವನ್ನು ಅವನ ಮರ್ಯಾದೆಯ ಹೆಸರಿನಲ್ಲಿ ಮುಚ್ಚಬಾರದು. ಒಂದೇ ಕಡತದಲ್ಲಿ ಎರಡೂ ಬೆರೆತಿದ್ದರೆ ಕೊಡಬಾರದ್ದನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಲು 10ನೇ ಕಲಮು ಇದ್ದೇ ಇದೆ. ಗೆರೆ ಎಲ್ಲ ಕಡೆ ಇಷ್ಟು ನೇರವಾಗಿ ಬೀಳುವುದಿಲ್ಲ ಎಂಬುದೂ ನಿಜ. ನಾಮನಿರ್ದೇಶನ ಪತ್ರದಲ್ಲಿ ಮನೆಯವರು ಕೇಳಿಯೇ ಇರದ ಹೆಂಗಸಿನ ಹೆಸರಿದ್ದರೆ? ಅವನು ನಂಬಿ ಕೊಟ್ಟ ಕಾಗದವೇ ಅದು, ಅವನಿಗೆ ಬಚ್ಚಿಡುವ ಇಚ್ಛೆಯೂ ಇತ್ತು. ಆದರೆ ಹೆಂಡತಿಯ ಅನ್ನದ ಪ್ರಶ್ನೆ ಅದರೊಳಗೆ ಸಿಕ್ಕಿಕೊಂಡಿದೆ. ಅಲ್ಲಿ ನಾನು ಹೆಂಡತಿಯ ಪರ, ಸತ್ತವನಿಗೆ ನೋವಾಗುವುದಾದರೂ.

ಲಂಚದ ಆರೋಪ ಹೊತ್ತು ಸತ್ತ ಅಧಿಕಾರಿಯ ಕಡತವನ್ನು ಪತ್ರಕರ್ತನೊಬ್ಬ ಕೇಳಿದರೆ ಏನು ಮಾಡುವುದು ಎಂದು ಗೆಳೆಯರೊಬ್ಬರು ಕೇಳಿದರು. ನೌಕರ ಸತ್ತರೆ ಇಲಾಖಾ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ, ಹೋದ ಹಣ ನಿಲ್ಲುವುದಿಲ್ಲ. ಸಾರ್ವಜನಿಕ ಹಿತ ಹೆಚ್ಚಿನದಾದರೆ ವಿನಾಯಿತಿಯನ್ನು ಬದಿಗಿಟ್ಟು ಕೊಡಬಹುದು ಎನ್ನುವ 8(2) ಅಲ್ಲಿ ಸಾಕು.

8(2) ಈಗ ಹೆಚ್ಚು ಬೇಕಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮಾಹಿತಿ ಹಕ್ಕಿನ 8(1)(ಜೆ)ಯನ್ನು ಕತ್ತರಿಸಿ ಹಾಕಿತು, ಆ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಮೊದಲು ಆ ಕಲಮಿನಲ್ಲೇ ಅಳತೆಗೋಲುಗಳಿದ್ದವು: ಸಾರ್ವಜನಿಕ ಕೆಲಸಕ್ಕೆ ಸಂಬಂಧವಿದೆಯೇ, ಖಾಸಗಿತನಕ್ಕೆ ಅನಗತ್ಯ ಧಕ್ಕೆಯೇ, ಶಾಸಕಾಂಗಕ್ಕೆ ನಿರಾಕರಿಸಲಾಗದ್ದೇ. ಈಗ ವೈಯಕ್ತಿಕ ಮಾಹಿತಿ ಎಂದರೆ ಮುಗಿಯಿತು. ತಮಾಷೆಯೆಂದರೆ ಅದೇ 2023ರ ಕಾಯಿದೆಯ 14ನೇ ಕಲಮು, ತಾನು ಸತ್ತರೆ ತನ್ನ ದತ್ತಾಂಶದ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡಿಡಬಹುದು ಎನ್ನುತ್ತದೆ. ಸಾವನ್ನು ಅಲ್ಲಿ ನೆನಪಿಟ್ಟವರು ಇಲ್ಲಿ ಮರೆತರು.

20 ವರ್ಷ ಕಾದರೆ ಬೇರೆ ದಾರಿಯೊಂದಿದೆ. ಅಷ್ಟು ಹಳೆಯ ಘಟನೆಗೆ ವೈಯಕ್ತಿಕ ಮಾಹಿತಿಯ ವಿನಾಯಿತಿ ಅನ್ವಯಿಸದು ಎನ್ನುತ್ತದೆ 8(3). ಈ ಮಾತನ್ನು ಆಕೆಗೆ ಹೇಳಿದೆ. 'ಅಷ್ಟರಲ್ಲಿ ಕಾಗದವೂ ಇರಲ್ಲ, ನಾನೂ ಇರಲ್ಲ' ಎಂದು ನಕ್ಕರು.

ಮೊದಲ ಮೇಲ್ಮನವಿಯಲ್ಲಿ ನಾವು ಪೂರ್ತಿ ಕಡತ ಕೇಳಿಲ್ಲ. ನೋಟಿಸಿನ ಪ್ರತಿಯನ್ನೂ ಕೇಳಿಲ್ಲ. ಸದರಿ ನೌಕರರು ಸಲ್ಲಿಸಿದ ಸಮಜಾಯಿಷಿ ಸ್ವೀಕೃತವಾಗಿದೆಯೇ, ಆಗಿದ್ದರೆ ಅದರ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕವೇನು, ಕಡತದ ಯಾವ ಪುಟದಲ್ಲಿದೆ ಎಂದಷ್ಟೇ ಬರೆದಿದ್ದೇವೆ. ಕೊನೆಗೆ ಇನ್ನೊಂದು ಸಾಲು ಸೇರಿಸಿ ಎಂದು ಆಕೆ ಹೇಳಿದರು, ಸೇರಿಸಿದೆ: ಅದನ್ನು ಯಾರಾದರೂ ಓದಿ ಸಹಿ ಮಾಡಿದ್ದಾರೆಯೇ ಎಂಬುದನ್ನು ತಿಳಿಸತಕ್ಕದ್ದು.