ನೆಟ್ಟವರು ಕಾಣದ ನೆರಳು



ಉರಿಬಿಸಿಲಲ್ಲಿ ಬಂದ ಮೂವರು ಅತಿಥಿಗಳನ್ನು ಮರದಡಿ ದಣಿವಾರಿಸಿಕೊಳ್ಳುವಂತೆ ಅಬ್ರಹಾಮನು ಬೇಡಿಕೊಂಡನು (ಆದಿಕಾಂಡ 18). ಅದು ಹೆಬ್ರೋನಿನ ಬಳಿಯ ಮಮ್ರೆಯ ಓಕ್ ತೋಪು. ಆ ನಾಡಿನದೇ ಮರವಾದ ಓಕ್ ಬೆಳೆಯುವುದು ನಿಧಾನ. ಅದರ ಬೀಜ ಮೊದಲು ಮಣ್ಣಿನಾಳಕ್ಕೆ ತಾಯಿಬೇರು ಇಳಿಸುತ್ತದೆ. ಮೇಲೆ ಕಾಣುವುದು ನಾಲ್ಕೆಲೆ ಮಾತ್ರ. ತುಂಬು ನೆರಳಿಗೆ ಹತ್ತಾರು ವರ್ಷ ಕಾಯಬೇಕು.

ಆ ತೋಪು ಅಬ್ರಹಾಮನು ಬರುವ ಮೊದಲೇ ಅಲ್ಲಿತ್ತು. ತಾನು ಬೆಳೆಸದ ನೆರಳಲ್ಲಿ ಅವನು ಅತಿಥಿಗಳನ್ನು ಸತ್ಕರಿಸಿದನು. ಮುಂದೆ ಬೇರ್ಷೆಬದಲ್ಲಿ ಪಿಚುಲವೆಂಬ ಮರವನ್ನು ತಾನೇ ನೆಟ್ಟನು (ಆದಿಕಾಂಡ 21:33). ಆಗ ಅವನಿಗೆ ನೂರು ದಾಟಿತ್ತು!

ಪ್ರಿಯರೇ, ಹಿರಿಯರು ನೆಟ್ಟ ಮರಕ್ಕೆ ಕೊಡಲಿ ಎತ್ತುವ ಮುನ್ನ, ‘ಈ ವಯಸ್ಸಿಗೆ ನನಗೇಕೆ ಗಿಡ’ ಎನ್ನುವ ಮುನ್ನ, ಆ ವೃದ್ಧನನ್ನು ನೆನೆಯೋಣ. ಮಳೆ ಬಿದ್ದಾಗ ಮೊಮ್ಮಗುವಿನ ಕೈಹಿಡಿದು ನಮ್ಮ ಮಣ್ಣಿನದೇ ಒಂದು ಸಸಿ ನೆಡೋಣ. ನೆರಳು ಅವರಿಗಿರಲಿ.